ಬೇಗ ಬಂದ ಬೀಗದವನು

ಬಸ್ಸಿನಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದ ದರ್ಜಿ ಹೆಂಗಸಿಗೆ, ಮುಂದಿನ ಸೀಟಿನ ಅತ್ತಿಗೆ ನಾದಿನಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೆಂಡತಿಗೆ ಹೊಡೆಯುವ ಗಂಡಂದಿರನ್ನೇ ಹುಡುಕಿ ಕೊಂದು ಸಿಕ್ಕಿಬಿದ್ದ ಬೀಗ ರಿಪೇರಿಯವನ ವಿಚಾರ.

"ಕಸ ಗುಡಿಸಿದೆ, ತಪ್ಪೇನು ಅಂತ ಕೋರ್ಟಲ್ಲೇ ಕೇಳಿದ್ನಂತೆ," ಎಂದಳು ನಾದಿನಿ. "ಹೊರಗಡೆ ಜನ ಚಪ್ಪಾಳೆ ತಟ್ಟಿದ್ರಂತೆ."

"ಕಲ್ಲೂ ಹೊಡೆದ್ರಂತೆ. ಯಾವ ಗಂಡ ಹೊಡೀತಾನೆ ಅಂತ ಅವನಿಗೆ ಹೇಗೆ ಗೊತ್ತಾಗ್ತಿತ್ತು?" ಎಂದಳು ಅತ್ತಿಗೆ.

"ಬೀಗ ಬದಲಿಸೋಕೆ ಕರೆದ ಹೆಂಗಸರೇ ಹೇಳ್ಕೋತಿದ್ರು. ಅಂಥವರ ಮನೆಗೆ ತಕ್ಷಣ ಬರ್ತಿದ್ದ. ಮಿಕ್ಕವರನ್ನ ವಾರಗಟ್ಟಲೆ ಕಾಯಿಸ್ತಿದ್ದ. ದೇವರಂಥ ಮನುಷ್ಯ, ಅತ್ತಿಗೆ."

ಅತ್ತಿಗೆ ಕಿಟಕಿಯತ್ತ ತಿರುಗಿದಳು.

"ಹೋದ ತಿಂಗಳು ನಮ್ಮನೆ ಬೀಗ ಕೆಟ್ಟಿತ್ತಲ್ಲ, ಅವನನ್ನೇ ಕರೆದಿದ್ದೆ. ಅವತ್ತೇ ಬಂದ."

"ಅವತ್ತೇನಾ?"

"ಬೇಗ ಬರ್ಲಿ ಅಂತ, ಗಂಡ ಹೊಡೀತಾನೆ ಅಂದ್ಬಿಟ್ಟೆ."

ದರ್ಜಿಯ ಸೂಜಿ ನಿಂತಿತು.

"ನಮ್ಮಣ್ಣ ಯಾರ ಮೇಲೂ ಕೈ ಎತ್ತಿದವನಲ್ಲ," ಎಂದಳು ನಾದಿನಿ, ಮೆಲ್ಲಗೆ.

"ನಂಗೊತ್ತಿಲ್ವಾ? ಆ ಬೀಗದವನು ಬೇರೇನೂ ಕೇಳ್ಲಿಲ್ಲ ಕಣೇ. ನಿಮ್ಮೆಜಮಾನ್ರು ಎಷ್ಟು ಹೊತ್ತಿಗೆ ಬರ್ತಾರೆ ಅಂದ, ಅಷ್ಟೇ."

ಸ್ಟಾಪ್ ಬಂತು. ಇಬ್ಬರೂ ಇಳಿದರು. ಕೆಳಗೆ ಕಾಯುತ್ತಿದ್ದ ಗಂಡಸು ಹೆಂಡತಿಯ ಚೀಲಕ್ಕೆ ಕೈ ಚಾಚಿದ. ಅದಕ್ಕೂ ಮೊದಲೇ ತಂಗಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಏನೇ ಇದು, ಇವತ್ತು ಇಷ್ಟೊಂದು ಪ್ರೀತಿ?" ಎಂದು ಅವನು ನಗುವಾಗ ಬಸ್ಸು ಹೊರಟಿತು.