ರಫೀಕಾಳ ಎಡಗಡೆ

...ಅಲ್ಲ ಸಿಹೆಮ್, ಜಿನ್ ಅಂತ ಅಂದಿದ್ದು ನಾನಲ್ಲ ಕಣಮ್ಮ, ಇಲ್ಲಿನ ಹುಡುಗಿಯರು. ನಗಬೇಡ. ಇಡೀ ಸ್ಫಾಕ್ಸ್ ಊರಲ್ಲಿ ಇಷ್ಟು ಹೊಸ ಕಾಲ್ ಸೆಂಟರ್ ಇನ್ನೊಂದಿಲ್ಲ, ಅದರೊಳಗೆ ಜಿನ್ನಂತೆ, ಭೂತವಂತೆ. ಫೋನಿಗೆ ಕೂರೋ ರಫೀಕಾಗೆ ಎಡಗಡೆಯಿಂದ ಯಾರೋ ದಿಢೀರನೆ ಬಂದು ನಿಂತ ಹಾಗಾಗುತ್ತಂತೆ. ಪಕ್ಕದಲ್ಲಿಟ್ಟ ಚಹಾ ಲೋಟ ಮಾಯ. ಸ್ಕ್ರೀನಿನ ಎಡಗಡೆ ಇರೋ ಹೆಸರೇ ಕಾಣಲ್ಲ, ಗಿರಾಕಿಗಳ ಹತ್ತಿರ ಬೈಸ್ಕೋತಾಳೆ. ಇನ್ನೊಂದು ಸಲ ತಪ್ಪಿದ್ರೆ ಕೆಲಸಕ್ಕೆ ಬರಬೇಡ ಅಂದಿದ್ದಾರೆ.

ಕಣ್ಣಾ? ಅವಳ ಕಣ್ಣು ಚೆನ್ನಾಗಿದೆ ಅಂದೆನಲ್ಲ. ಕಣ್ಣು ಈ ಡಾಕ್ಟರ್ ಮೊಂದರ್ ಪಾಲು. ಮೇಜು, ಕುರ್ಚಿ, ಬೆಳಕು ನಿನ್ನ ಪಾಲು. ನೀನು ಟೇಪ್ ಹಿಡಿದು ಸ್ಕ್ರೀನ್ ಎಷ್ಟು ದೂರ ಅಂತ ಹೇಳ್ತೀಯ, ನಾನು ಆ ದೂರಕ್ಕೆ ಕನ್ನಡಕ ಬರೀತೀನಿ. ಹೀಗೇ ಅಲ್ವಾ ನಾವಿಬ್ಬರೂ ಇಷ್ಟು ಆಫೀಸು ಸುತ್ತಿದ್ದು? ...ಗೊತ್ತು, ಗೊತ್ತು. ನೀನು ಮೇಜು ತಿರುಗಿಸಿದೆ, ಕಿಟಕಿ ಮುಚ್ಚಿಸಿದೆ, ದೀಪ ಬದಲಾಯಿಸಿದೆ. ಆದ್ರೂ ಹಾಗೇ ಇದೆ. ಅದಕ್ಕೇ ಹೇಳಿದ್ದು, ಆ ಜಾಗವೇ ಸರಿಯಿಲ್ಲ ಅಂತ.

ಯಾಕೆ ಹಾಗೆ ನೋಡ್ತೀಯ? ನನಗೂ ಆಗಿದೆ. ಅವಳಿಗೆ ಎಡಗಡೆ, ನನಗೆ ಬಲಗಡೆ. ಮೊನ್ನೆ ಯಾರೋ ಪಕ್ಕದಲ್ಲೇ ಉಸಿರಾಡಿದ ಹಾಗಾಯ್ತು... ತಿರುಗಿದ್ರೆ ಮ್ಯಾನೇಜರು. ಎಲ್ಲಿಂದ ಬಂದನೋ. ಮನೇಲೂ ಹೆಂಡತಿ ಬಂದು ಕೂತ್ರೆ ಬೆಚ್ಚಿಬೀಳ್ತೀನಿ. ...ಜಿನ್ ಮನೆಗೂ ಬಂತಾ ಅಂತೀಯಾ? ಬಿಡು ಆ ಮಾತು.

ಬೆರಳಿನ ಪರೀಕ್ಷೆ? ಮಾಡದೆ ಇರ್ತೀನಾ? ಎದುರುಬದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು, ಪಕ್ಕದಿಂದ ಬೆರಳು ಆಡಿಸ್ತಾ ತಂದೆ. ಅವಳ ಎಡ ಅಂದ್ರೆ ನನ್ನ ಬಲ. ಇಬ್ಬರಿಗೂ ಒಟ್ಟಿಗೇ ಕಂಡ್ರೆ ಕಣ್ಣು ಸರಿ ಅಂತ ಲೆಕ್ಕ. ಒಟ್ಟಿಗೇ ಕಂಡಿತು...

ಸಿಹೆಮ್? ಎದ್ದು ಹೋದ್ಯಾ?

...ಇದು... ಇದು ನಿನ್ನ ಕೈಯಾ? ಬಲಗೆನ್ನೆ ಹತ್ತಿರ... ಎಷ್ಟು ಹೊತ್ತಿಂದ ಬೆರಳು ಆಡಿಸ್ತಿದ್ದೀಯ?

ಬೈಯೋದಾದ್ರೆ ಬೈ.

ಕಣ್ಣಿನೊಳಗಿನ ಒತ್ತಡ, ಪಕ್ಕದ ನೋಟವನ್ನ ತಿನ್ನೋ ರೋಗ; ರಂಜಾನಿಂದ ಡ್ರಾಪ್ಸ್ ಹಾಕ್ಕೋತಿದ್ದೀನಿ. ಹೆಂಡತಿಗೂ ಹೇಳಿಲ್ಲ. ಕಣ್ಣು ಹೋದ ಕಣ್ಣಿನ ಡಾಕ್ಟರನ್ನ ಯಾರು ಕರೀತಾರೆ, ನೀನೇ ಹೇಳು. ...ಆದ್ರೆ ರಫೀಕಾ... ಬೆರಳು ಮುಂದಕ್ಕೆ ಬರೋವರೆಗೂ ಅವಳಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅದನ್ನೇ ಸರಿ ಅಂದ್ಬಿಟ್ಟೆ ನಾನು. ನೀನು ಸುಮ್ಮನೆ ಮೇಜು ತಿರುಗಿಸೋ ಹಾಗೆ ಮಾಡಿದೆ. ಅಷ್ಟು ದಿನ ಆ ಹುಡುಗಿಯ ಕಣ್ಣು ಸವೀತಾನೇ ಇತ್ತು.

ಇವತ್ತೇ ಅವಳನ್ನ ಬೇರೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಯಾಕೆ ಅಂತ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳು. ಹೋಗುವಾಗ... ಹೇಳಿ ಹೋಗು, ಮಗಳೇ. ಇಲ್ಲಾಂದ್ರೆ ನೀನು ಇನ್ನೂ ಪಕ್ಕದಲ್ಲೇ ಇದ್ದೀಯ ಅಂತ ಮಾತಾಡ್ತಾನೇ ಇರ್ತೀನಿ.