ಅವ್ವನೇ ಮ್ಯಾಕ್ರೋ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಕಾಲ, ಬೆಳಗಿನ ಎಂಟರ ಹೊತ್ತು. ಹೊಳಲ್ಕೆರೆ ಬಸ್ ನಿಲ್ದಾಣದ ಬೆಂಚಿನಲ್ಲಿ ಕುರಿ ಕಾಯುವ ಕಾಟಲಿಂಗಪ್ಪ ಕುಳಿತಿದ್ದ. ಪಕ್ಕದಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಮಾತಾಡುತ್ತಿದ್ದರು.

"ಕೀರ್ತನಾ, ಇವತ್ತೂ ವೈವಾದಾಗೆ ಫೇಲಾದ್ರೆ ನಮ್ಮಪ್ಪ ಕಾಲೇಜೇ ಬಿಡಿಸ್ತಾನೆ. ಈ ಲಿಸ್ಪ್ ಅನ್ನೋ ಕಂಪ್ಯೂಟರ್ ಭಾಷೆಯಾಗೆ ಕೋಟ್ ಅಂದ್ರೇನೇ?"

"ನೋಡು ರಂಜಿತಾ, ನಿಮ್ಮಜ್ಜಿ 'ಮುದ್ದೆ ತಿರುವು' ಅಂತಾಳೆ. ನೀನು ತಿರುವದೆ ಆ ಮಾತನ್ನ ಹಂಗೇ ಇಟ್ಕಂಡ್ರೆ ಕೋಟ್."

"ಅಜ್ಜಿ ಬೈತಾಳೆ."

"ಕಂಪ್ಯೂಟರ್ ಬೈಯಲ್ಲ ಕಣೇ."

"ಮತ್ತೆ ಮ್ಯಾಕ್ರೋ?"

"ಆ ಮಾತನ್ನ ನಿಮ್ಮವ್ವಂಗೆ ಮುಟ್ಟಿಸ್ತೀಯ. ಅವಳು 'ನೆಂಟರಿಗೂ ಸೇರಿಸಿ ಮುದ್ದೆ ತಿರುವು, ಸಾರಿಗಿಡು' ಅಂತ ಬೇರೆ ಮಾತು ಕಟ್ಟಿ ಕೊಡ್ತಾಳೆ. ಆಮೇಲೆ ಆ ಹೊಸ ಮಾತಿನಂಗೆ ಕೆಲಸ ನಡೀತೈತೆ."

"ಹಂಗಾದ್ರೆ ನಮ್ಮವ್ವನೇ ಮ್ಯಾಕ್ರೋ! ಅವಳು ಏನೂ ಮಾಡಲ್ವ?"

"ಮಾತು ಕಟ್ಟೋದಷ್ಟೇ ಅವಳ ಕೆಲಸ."

ಆ ಮನೆಯಲ್ಲಿ ಕೊನೆಗೆ ಮುದ್ದೆ ತಿರುವಿದವರು ಯಾರೆಂದು ಕಾಟಲಿಂಗಪ್ಪನಿಗೆ ತಿಳಿಯಲಿಲ್ಲ.

ರಂಜಿತಾ ಬೆರಳು ಮಡಚಿ ಎಣಿಸತೊಡಗಿದಳು.

"ಅಲ್ಲ ಕಣೇ, ನೆಂಟರು ಎಷ್ಟು ಜನ ಅಂತ ಅವ್ವ ಎಣಿಸ್ಬೇಕಲ್ಲ? ಉಳಿದ ಮಾತೆಲ್ಲ ಹಂಗೇ ಇಟ್ಟು, ಅದೊಂದನ್ನ ಮಾತ್ರ ಆಗಲೇ ಎಣಿಸಿ ಒಳಗೆ ಸೇರಿಸೋದು ಹೆಂಗೆ?"

ಕೀರ್ತನಾ ಹಣೆ ಚಚ್ಚಿಕೊಂಡಳು.

"ಅದನ್ನ ನಾನು ಓದೇ ಇಲ್ಲ. ಸರ್ ಅದನ್ನೇ ಕೇಳಿದ್ರೆ?"

"ಲೇ, ನಿನಗೂ ಇವತ್ತೇ ವೈವಾ ಅಲ್ವೇನೇ?"

"ಸುಮ್ನೆ ಹತ್ತೇ, ಬಸ್ ಬಂತು."

ಚಿತ್ರದುರ್ಗದ ಬಸ್ಸಿನಲ್ಲಿ ಇಬ್ಬರೂ ಆ ಸೋಮವಾರ ಹೊರಟುಹೋದರು. ಕಿಟಕಿಯಲ್ಲಿ ಈಗ ಪುಸ್ತಕ ತಿರುವಿ ಹಾಕುತ್ತಿದ್ದವಳು ಕೀರ್ತನಾ.