ಚಲುವಮ್ಮನ ಐಸಿಯು ಬೆಡ್

ಆ ಬ್ಯಾನರ್ ಕೆಳಗಿಡು ನವೀನ. ನಿಮ್ಮ ಭಾವ ಹೇಳ್ತಿದೀನಿ, ಇಡು... ಜೀಪಲ್ಲಿ ಕೂತಿರೋರು ಕಾಯ್ಲಿ. ಆಸ್ಪತ್ರೆ ಎಲ್ಲೂ ಓಡಿಹೋಗಲ್ಲ.

ಏನಂತ ಬರೆಸಿದೀಯ? ನಂಗೆ ಅಷ್ಟುದ್ದ ಓದಕ್ಕೆ ಬರಲ್ಲ, ನೀನೇ ಓದು... 'ಚಲುವಮ್ಮನ ಕೊಂದ ಡಾಕ್ಟರಿಗೆ ಶಿಕ್ಷೆಯಾಗಲಿ'... ಹೂಂ. ಕೊಂದ... ದೊಡ್ಡ ಮಾತು ಕಣಪ್ಪ.

ಹೌದು, ನಾನೇ ಹೇಳಿದ್ದು. ಆಪರೇಷನ್ ಆದ್ಮೇಲೆ ನಿಮ್ಮಕ್ಕನ್ನ ಐಸಿಯುಗೆ ಹಾಕ್ಲಿಲ್ಲ, ಬೆಡ್ ಇನ್ನೊಬ್ಬರಿಗೆ ಕೊಟ್ರು, ವಾರ್ಡಲ್ಲೇ ಹೋದ್ಲು ಅಂತ. ಸುಳ್ಳಲ್ಲ. ಒಂದಕ್ಷರ ಸುಳ್ಳಲ್ಲ. ಆದ್ರೆ...

ನೀರು ಕುಡೀತೀಯ? ಬೇಡ್ವಾ. ನಾ ಕುಡೀತೀನಿ.

ಮಂಪರು ಕೊಡೋ ಡಾಕ್ಟರಮ್ಮ ಆಪರೇಷನ್ನಿನ ಹಿಂದಿನ ದಿನ ಬಂದಿತ್ತು. ಸಣ್ಣ ಹುಡುಗಿ. ಒಳ್ಳೆ ಮಾತು. ಪಿತ್ತಕೋಶದ ಕಲ್ಲು ತೆಗೆಯೋದೇನೂ ದೊಡ್ಡದಲ್ಲ ಅಂತು. ಆಮೇಲೆ ನನ್ನ ಕೇಳ್ತು, 'ಯಜಮಾನ್ರೆ, ಅಮ್ಮ ಗೊರಕೆ ಹೊಡೀತಾರಾ? ನಿದ್ದೇಲಿ ಉಸಿರು ನಿಂತು ನಿಂತು ಬರುತ್ತಾ? ಹಂಗಿದ್ರೆ ಆಪರೇಷನ್ ಆದ್ಮೇಲೆ ಐಸಿಯುನಲ್ಲಿಟ್ಟು ನೋಡ್ಕೋಬೇಕು. ಇವರಿಗೇ ಅಂತ ಒಂದು ಬೆಡ್ ಹಿಡಿದಿಟ್ಟಿದೀನಿ.'

ಯಾಕೆ ನಗ್ತೀಯ? ಗೊರಕೆ ಅಂದ್ರೆ ನಗುವಾ? ನಗು, ನಗು. ಎಲ್ಲರೂ ನಕ್ಕೋರೇ. ಬಿಟ್ಟಂಗಾಲದ ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವಾಗ ಬುತ್ತಿ ಉಂಡು ಒಂದ್ಸಲ ಮರದಡಿ ಕಣ್ಮುಚ್ಚಿದ್ಲು ಅಷ್ಟೇ. 'ಚಲುವಕ್ಕ ಹಣ್ಣು ಸುಲಿಯೋ ಪಲ್ಪರ್ ಮಿಷನ್ ಆನ್ ಮಾಡವ್ಳೆ' ಅಂದ್ರು. ತೋಟದ ಲೆಕ್ಕ ಬರೆಯೋ ರೈಟರೂ ನಕ್ಕ. ಅವತ್ತಿಂದ ನಿಮ್ಮಕ್ಕ ಯಾರ ಮನೇಲೂ ಮಲಗಿದೋಳಲ್ಲ. ನಿನ್ನ ಮದುವೇಲೂ ಸಂಜೆಗೇ ಹೊರಟ್ಲು. ನೀನು ಮುನಿಸ್ಕೊಂಡೆ. ಅದಕ್ಕೇ ಕಣೋ ಹೊರಟಿದ್ದು...



ಡಾಕ್ಟರಮ್ಮ ಕೇಳುವಾಗ ಅಕ್ಕಪಕ್ಕದ ಬೆಡ್ಡಿನೋರೆಲ್ಲ ಕಿವಿ ಕೊಟ್ಟಿದ್ರು. ನಿಮ್ಮಕ್ಕ ಸೆರಗು ಬಾಯಿಗಿಟ್ಟು ನನ್ನ ನೋಡಿದ್ಲು. ಆ ನೋಟ... ನಿಂಗೆ ಹೆಂಗೆ ಹೇಳ್ಲಿ.

ಇಲ್ಲ ಮೇಡಂ, ಅಂದೆ.

'ಸರಿಯಾಗಿ ನೆನಪು ಮಾಡ್ಕೊಳ್ಳಿ' ಅಂತು. ಆಗ್ಲೂ ಇಲ್ಲ ಅಂದೆ. ಬೆಕ್ಕಿನ ಮರಿ ಥರ ಮಲಗ್ತಾಳೆ ಅಂತ ಸೇರಿಸ್ದೆ ಬೇರೆ. ನಿಮ್ಮಕ್ಕ ಹೊದಿಕೆ ಒಳಗೆ ನನ್ನ ಕೈ ಹಿಸುಕಿದ್ಲು. ಖುಷಿಗೆ. ನಂಗೂ ಏನೋ ಗೆದ್ದಂಗಾಯ್ತು.

ಬೆಡ್ ಇನ್ಯಾವನೋ ಮುದುಕನಿಗೆ ಹೋಯ್ತು. ಅವಂದೂ ಹೊಟ್ಟೆ ಆಪರೇಷನ್ನೇ. ಬದುಕಿದ. ಬದುಕ್ಲಿ ಬಿಡು... ಅವಂದೇನು ತಪ್ಪು.

ಎಲ್ಲಿಗೆ ಎದ್ದೆ? ಕೂರೋ. ಮುಗೀಲಿಲ್ಲ ಇನ್ನೂ.

ಮಧ್ಯಾಹ್ನ ವಾರ್ಡಿಗೆ ತಂದ್ರು. ಮಂಪರಲ್ಲೇ ಶುರುವಾಯ್ತು ಗೊರಕೆ. ಎಂದೂ ಇಲ್ಲದಷ್ಟು. ಪಕ್ಕದ ಬೆಡ್ಡಿನ ಹೆಂಗಸು ನಕ್ತು. ನರ್ಸಮ್ಮ ಬಂದು, 'ಯಾವಾಗಲೂ ಹಿಂಗೇನಾ?' ಅಂತು. ಇಲ್ಲ, ಇವತ್ತೇ, ಸುಸ್ತಿಗೆ ಅಂದೆ. ಪರದೆ ಎಳೆದೆ. ನಾನೇ... ಈ ಕೈಯಲ್ಲೇ.

ಹಾರ್ನ್ ಹೊಡೀತಾವ್ರೆ. ಹೋಗಿ ಹೇಳು, ಇಳೀರಿ ಅಂತ. ಆ ಡಾಕ್ಟರ್ ಹುಡುಗಿ ಮೈಮೇಲೆ ಯಾರೂ ಕೈ ಹಾಕ್ಬಾರ್ದು. ಅದು ಕೇಳಿತ್ತು ಕಣೋ. ಕೇಳಬೇಕಾದ್ದನ್ನೇ ಕೇಳಿತ್ತು. ನೀ ಹೇಳಲ್ವಾ? ನಾನೇ ಬಂದು ಎಲ್ಲರ ಮುಂದೆ ಹೇಳ್ಲಾ?

ನವೀನ... ಬೈಯೋ. ಒಂದು ಮಾತು ಬೈಯಿ. ಬೇಕಾದ್ರೆ ಹೊಡಿ. ಹಿಂಗೆ ಸುಮ್ನೆ ಕೂರಬೇಡ.

ಅವತ್ತು ಅವಳೂ ಹಿಂಗೇ, ಗೊರಕೆ ನಿಂತು ಇದ್ದಕ್ಕಿದ್ದಂಗೆ ಸುಮ್ನಾದ್ಲು. ಅಬ್ಬ, ಇನ್ನು ಯಾರೂ ನಗಲ್ಲ ಅಂತ... ನಾನು ಟೀ ಕುಡಿಯಕ್ಕೆ ಹೋದೆ.